ಅಪ್ಪನ ಯೆಜ್ಡಿ ಮತ್ತು ಒಂದು ಆಯಿಲ್ ಸೀಲು

ಕಳೆದ ತಿಂಗಳು ನಮ್ಮ ಮನೆಯ ಯೆಜ್ಡಿ, ಸೊಳ್ಳೆ ಔಷಧಿ ಹೊಡೆಯುವ ಗಾಡಿಯ ಹಾಗೆ ಬೀದಿ ತುಂಬಾ ಹೊಗೆ ಬಿಡತೊಡಗಿತು. 1981ರಲ್ಲಿ ಅಪ್ಪ ಕೊಂಡ ರೋಡ್‌ಕಿಂಗ್. ಟೂ ಸ್ಟ್ರೋಕ್ ಗಾಡಿ, ಪೆಟ್ರೋಲಿನ ಜೊತೆ ಆಯಿಲ್ ಬೆರೆಸಿಯೇ ಹಾಕಬೇಕು, ಹಾಗಾಗಿ ಸ್ವಲ್ಪ ಹೊಗೆ ಇದ್ದದ್ದೇ. ಆದರೆ ಇದು ಎದುರುಮನೆಯವರು ಕಿಟಕಿ ಮುಚ್ಚಿಕೊಳ್ಳುವಷ್ಟು!

ಹತ್ತಿರದ ಒಂದು ವರ್ಕ್‌ಶಾಪಿಗೆ ತಳ್ಳಿಕೊಂಡು ಹೋದೆ. ಒಂದು ನಟ್ಟನ್ನೂ ಬಿಚ್ಚದೆ ತೀರ್ಪು ಬಂತು: ಬೋರ್ ಹೋಗಿದೆ, ಪಿಸ್ಟನ್, ಕ್ರ್ಯಾಂಕ್ ಎಲ್ಲಾ ಹಾಕಬೇಕು. ಇಲ್ಲಾಂದ್ರೆ ಮಾರಿಬಿಡಿ, ಗಿರಾಕಿ ನಾವೇ ತರ್ತೀವಿ. ಆ ಕೊನೆಯ ಮಾತು ಕೇಳಿದ ಮೇಲೆ ಅಲ್ಲಿ ನಿಲ್ಲಲಿಲ್ಲ.

ಈ ಗಾಡಿ ಹುಟ್ಟಿದ್ದು ನಮ್ಮ ಮೈಸೂರಿನಲ್ಲೇ, ಯಾದವಗಿರಿಯಲ್ಲಿ. ಜೆಕೊಸ್ಲೊವಾಕಿಯಾದಲ್ಲಿ ಯಾನೆಚೆಕ್ ಎಂಬಾತ 1929ರಲ್ಲಿ ವಾಂಡರರ್ ಕಂಪನಿಯ ಬೈಕನ್ನು ತಯಾರಿಸಲು ಹೊರಟಾಗ ಎರಡೂ ಹೆಸರಿನ ಮೊದಲಕ್ಷರಗಳು ಸೇರಿ 'ಜಾವಾ' ಆಯಿತು. ಅದನ್ನು ಇಲ್ಲಿಗೆ ತಂದವರು ಇರಾನಿ ಕುಟುಂಬದವರು, ಜಯಚಾಮರಾಜ ಒಡೆಯರ ಪ್ರೋತ್ಸಾಹದಿಂದ. 1961ರಿಂದ ಐಡಿಯಲ್ ಜಾವಾ ಕಾರ್ಖಾನೆಯ ಬೈಕುಗಳು ರಸ್ತೆಗಿಳಿದವು. 1973ರಿಂದ ಹೆಸರು ಯೆಜ್ಡಿ ಆಯಿತು. ಗೇರ್ ಹಾಕುವ ಲಿವರನ್ನೇ ಒಳಗೊತ್ತಿ ತಿರುಗಿಸಿದರೆ ಅದೇ ಕಿಕ್ಕರ್. ಗೊತ್ತಿಲ್ಲದವರು ಗಾಡಿ ಕದ್ದರೂ ಸ್ಟಾರ್ಟ್ ಮಾಡಲಾರರು ಅಂತ ಅಪ್ಪ ನಗುತ್ತಿದ್ದರು. 80ರ ದಶಕದಲ್ಲಿ ಕಮ್ಮಿ ಪೆಟ್ರೋಲ್ ಕುಡಿಯುವ 100 ಸಿಸಿ ಜಪಾನಿ ತಂತ್ರಜ್ಞಾನದ ಬೈಕುಗಳು ಬಂದವು. 250 ಸಿಸಿಯ ನಮ್ಮದು ಆ ಲೆಕ್ಕದಲ್ಲಿ ಎಲ್ಲಿ ಗೆಲ್ಲಬೇಕು? 1996ರಲ್ಲಿ ಕಾರ್ಖಾನೆ ಮುಚ್ಚಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರು ಮತ್ತೆ ಬಂದವು ನಿಜ. ಆದರೆ ಅವು ಫೋರ್ ಸ್ಟ್ರೋಕ್, ಎಂಜಿನ್ನೇ ಬೇರೆ. ನಮ್ಮ ಗಾಡಿಗೆ ಆ ಶೋರೂಮಿನಿಂದ ಆಗುವುದು ಏನೂ ಇಲ್ಲ.

ಕೊನೆಗೆ ಸ್ನೇಹಿತನೊಬ್ಬ ಹಳೆಯ ಮೆಕ್ಯಾನಿಕ್ ಒಬ್ಬರ ಶೆಡ್ಡು ತೋರಿಸಿದ. ಕಾರ್ಖಾನೆಯಲ್ಲಿ ಎಂಜಿನ್ ಜೋಡಿಸುತ್ತಿದ್ದವರೊಬ್ಬರ ಕೈಕೆಳಗೆ ಹುಡುಗನಾಗಿದ್ದಾಗ ಕೆಲಸ ಕಲಿತವರಂತೆ. ಗಾಡಿ ಸ್ಟಾರ್ಟ್ ಮಾಡಿ ಅಂತಲೂ ಅವರು ಹೇಳಲಿಲ್ಲ.

"ಗೇರ್ ಆಯಿಲ್ ಎಷ್ಟಿದೆ ಅಂತ ಅವ್ರು ನೋಡಿದ್ರಾ ಸಾರ್?"

"ಇಲ್ಲ."

ಮುಚ್ಚಳ ಬಿಚ್ಚಿ, ತಂತಿ ಇಳಿಸಿ ತೋರಿಸಿದರು. ತುದಿಗೆ ಮಾತ್ರ ಎಣ್ಣೆ. ಕೆಳಗೆ ನೆಲದ ಮೇಲೆ ಒಂದು ತೊಟ್ಟೂ ಸೋರಿಲ್ಲ. ಹಾಗಾದರೆ ಆ ಎಣ್ಣೆ ಹೋಗಿದ್ದಾದರೂ ಎಲ್ಲಿಗೆ?

ಟೂ ಸ್ಟ್ರೋಕಿನಲ್ಲಿ ಪಿಸ್ಟನ್ ಮೇಲೇರುವಾಗ ಕೆಳಗಿನ ಕ್ರ್ಯಾಂಕ್ ಕೇಸ್ ಪೆಟ್ರೋಲ್ ಮಿಶ್ರಿತ ಗಾಳಿಯನ್ನು ಎಳೆದುಕೊಳ್ಳುತ್ತದೆ. ಅದರ ಎಡಗಡೆ ಕ್ಲಚ್ ಇದೆ, ಅದು ಗೇರ್ ಆಯಿಲಿನಲ್ಲೇ ಮುಳುಗಿರುತ್ತದೆ. ನಡುವೆ ತಡೆಯಾಗಿ ಇರುವುದು ಒಂದು ರಬ್ಬರ್ ಸೀಲ್ ಅಷ್ಟೇ. ಅದು ಸವೆದರೆ ಗಾಳಿಯ ಜೊತೆ ಗೇರ್ ಆಯಿಲನ್ನೂ ಎಳೆದು ಸುಡುತ್ತದೆ. ಹೊಗೆ ಅದರದ್ದು. ಬೋರಿಗೂ ಅದಕ್ಕೂ ಸಂಬಂಧವೇ ಇಲ್ಲ.

ಕವರ್ ಬಿಚ್ಚಿ, ಕ್ಲಚ್ ತೆಗೆದು, ಹಳೆಯ ಸೀಲನ್ನು ನನ್ನ ಅಂಗೈ ಮೇಲಿಟ್ಟರು. ಒಣಗಿದ ಹುಣಸೆ ಸಿಪ್ಪೆಯ ಹಾಗೆ ಗಟ್ಟಿಯಾಗಿತ್ತು. ನನ್ನ ಸಮಾಧಾನಕ್ಕೆ ಹೆಡ್ಡನ್ನೂ ತೆಗೆದು ಬೋರ್ ತೋರಿಸಿದರು, ಗೀರು ಇರಲಿಲ್ಲ. ಆ ಕೆಲಸಕ್ಕೆ ದುಡ್ಡು ಕೇಳಲಿಲ್ಲ. ಸೀಲಿನ ಬೆಲೆ, ಎಣ್ಣೆ, ಅರ್ಧ ದಿನದ ಕೂಲಿ, ಇಷ್ಟೇ. ನಾನೇ ಜಾಸ್ತಿ ಕೊಡಹೋದರೆ, "ಬೇಡ ಸಾರ್, ತಿಂಗಳಿಗೊಂದ್ಸಲ ಗೇರ್ ಆಯಿಲ್ ನೋಡ್ಕೊಳ್ಳಿ, ಸಾಕು" ಅಂದರು.

ಮೊದಲನೆಯವರ ಮಾತು ಕೇಳಿದ್ದರೆ ಅಪ್ಪನ ಗಾಡಿ ಈಗ ಯಾರ ಮನೆಯಲ್ಲಿ ಇರುತ್ತಿತ್ತೋ! ಕಂಪನಿ ಮುಚ್ಚಿ ಇಷ್ಟು ವರ್ಷವಾದರೂ ಇವು ಓಡುತ್ತಿರುವುದು ಇಂಥವರಿಂದ. ಅವರಿಗೆ ಈಗ ಅರವತ್ತು ದಾಟಿದೆ, ಶೆಡ್ಡಿನಲ್ಲಿ ಕೆಲಸ ಕಲಿಯುವ ಹುಡುಗರು ಯಾರೂ ಕಾಣಲಿಲ್ಲ.

ವಾಪಸ್ ಬರುವಾಗ ಸುತ್ತಾದರೂ ಪರವಾಗಿಲ್ಲ ಅಂತ ಯಾದವಗಿರಿ ಮೇಲೇ ಬಂದೆ. ಹೊಗೆ ಇತ್ತು, ಇರಬೇಕಾದಷ್ಟೇ.