ವಲಸೆ ಕುಟುಂಬಗಳ ಮಕ್ಕಳ ಮಾನಸಿಕ ಆರೋಗ್ಯ (ಉಡುಪಿ ಸೀಮೆ)

ಊರು ಬಿಟ್ಟ ಮಕ್ಕಳ ಮೇಲೆ ಅಗಲಿಕೆ, ಅಭದ್ರತೆ, ಆಘಾತಗಳು ಬೀರುವ ಪರಿಣಾಮದ ಅಧ್ಯಯನವೇ ಈ ಕ್ಷೇತ್ರ. ಮಟ್ಟು, ಕಾಪು, ಕಾರ್ಕಳದ ಸೀಮೆಯಲ್ಲಿ ವಲಸೆಗೆ ಎರಡು ದಿಕ್ಕು. ಇಲ್ಲಿಯವರು ಹೋಟೆಲು ಕೆಲಸಕ್ಕೆಂದು ಮುಂಬೈಗೆ, ಆಮೇಲೆ ಕೊಲ್ಲಿ ದೇಶಗಳಿಗೆ ಹೋದರು. ಬಾಗಲಕೋಟೆ, ಕೊಪ್ಪಳ, ಗದಗ ಕಡೆಯವರು ಕಟ್ಟಡದ ಕೂಲಿಗೆ ಉಡುಪಿ, ಮಣಿಪಾಲಕ್ಕೆ ಬಂದರು. ಬಯಲುಸೀಮೆಯಿಂದ ಬಂದ ಮಗುವಿಗೆ ತರಗತಿಯ ಕನ್ನಡ ಅರ್ಥವಾದರೂ ಆಟದ ಮೈದಾನದ ತುಳು ತಿಳಿಯದು. ಅದರ ಮೌನವನ್ನು ದಡ್ಡತನವೆಂದು ಎಣಿಸುವುದು ತಪ್ಪು. ಕಾಮಗಾರಿ ಮುಗಿದರೆ ಕುಟುಂಬ ವಾಸಿಸುವ ಶೆಡ್ಡು ಬದಲು, ಎಷ್ಟೋ ಸಲ ಶಾಲೆಯೂ ಬದಲು.

ಕೋವಿಡ್ ಕಾಲದಲ್ಲಿ, 2020ರ ಮೇ ತಿಂಗಳಲ್ಲಿ, ಮುಂಬೈಯಿಂದ ಮರಳಿದ ಕುಟುಂಬಗಳನ್ನು ಜಿಲ್ಲೆಯ ಶಾಲೆ, ಹಾಸ್ಟೆಲುಗಳಲ್ಲಿ ಕ್ವಾರಂಟೈನ್‌ನಲ್ಲಿ ಇರಿಸಲಾಗಿತ್ತು. ತಮ್ಮ ಊರಿನಲ್ಲೇ ಪರಕೀಯರಾಗುವ ಇಂಥ ಅನುಭವವೂ ಅಧ್ಯಯನಕ್ಕೆ ಯೋಗ್ಯ.

ಮಕ್ಕಳ ತೊಂದರೆ ಗುರುತಿಸಲು ಮನೋವೈದ್ಯ ರಾಬರ್ಟ್ ಗುಡ್‌ಮನ್ 1997ರಲ್ಲಿ ಪ್ರಕಟಿಸಿದ 25 ಅಂಶಗಳ ಪ್ರಶ್ನಾವಳಿ ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಅದು ರೋಗನಿರ್ಣಯವಲ್ಲ, ಮೊದಲ ಜರಡಿ ಮಾತ್ರ. ಪೋಷಕರು, ಶಿಕ್ಷಕರು ಉತ್ತರಿಸಬೇಕು. ಆದರೆ ದಿನಗೂಲಿಯ ತಾಯಿಗೆ ಬಿಡುವೆಲ್ಲಿ? ಅಧ್ಯಯನದ ನಡುವೆಯೇ ಕುಟುಂಬ ಬೇರೆ ಊರಿಗೆ ಹೊರಟರೆ ಮುಂದಿನ ಮಾಹಿತಿಯೇ ಸಿಗದು. ಒಮ್ಮೆ ಮಾತ್ರ ಭೇಟಿಯಾಗಿ ಮಾಡಿದ ಸಮೀಕ್ಷೆಗಳನ್ನು ಆದ್ದರಿಂದ ಎಚ್ಚರದಿಂದ ಓದಬೇಕು.

ನೆರವು ಬೇಕಾದವರಿಗೆ ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆ, ಉಡುಪಿ ದೊಡ್ಡಣಗುಡ್ಡೆಯ ಡಾ. ಎ.ವಿ. ಬಾಳಿಗಾ ಸ್ಮಾರಕ ಆಸ್ಪತ್ರೆಗಳಲ್ಲಿ ಮನೋವೈದ್ಯಕೀಯ ಚಿಕಿತ್ಸೆ ಲಭ್ಯ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತವಾಗಿದ್ದು, ಕನ್ನಡದಲ್ಲೂ ಮಾತನಾಡಬಹುದು.