ಬಡವರ ವಕಾಲತ್ತು

ಹುಬ್ಬಳ್ಳಿಯಿಂದ ಹರಿಹರದ ದಾರಿ ಹಿಡಿದ ರೈಲಿನಲ್ಲಿ ಕುಳಿತರೆ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಒಂದಾದ ಮೇಲೊಂದು ಬರುತ್ತವೆ. ಏಲಕ್ಕಿಯ ಹಾರ ಎಂದೊಡನೆ ಹಾವೇರಿ ನೆನಪಾಗುತ್ತದೆ; ಮೆಣಸಿನಕಾಯಿ ಎಂದರೆ ಬ್ಯಾಡಗಿ; ಬೀಜ, ಹತ್ತಿಗಳ ವ್ಯಾಪಾರವೆಂದರೆ ರಾಣೆಬೆನ್ನೂರು. ಹಳ್ಳಿಯ ಜನ ಈ ಊರುಗಳಿಗೆ ಬರುವುದು ಪೇಟೆಗಾಗಿ ಎಂದೇ ನಾವು ತಿಳಿದಿರುತ್ತೇವೆ. ಆದರೆ ಬಸ್ಸಿನಿಂದ ಇಳಿದವರಲ್ಲಿ ಪೇಟೆಯ ಕಡೆಗೆ ತಿರುಗದೆ ಕೋರ್ಟಿನ ಹಾದಿ ಹಿಡಿಯುವವರೂ ಇರುತ್ತಾರೆ. ಬಗಲಲ್ಲಿ ಒಂದು ಕೈಚೀಲ. ಅದರೊಳಗೆ ಹೊಲದ ಉತಾರ, ಅಜ್ಜನ ಕಾಲದ ಖರೀದಿಪತ್ರ, ನಾಲ್ಕು ಮಡಿಕೆಯಾದ ಸಮನ್ಸು, ಮಧ್ಯಾಹ್ನಕ್ಕೆ ಎರಡು ರೊಟ್ಟಿ. ನೀವೂ ಅವರನ್ನು ನೋಡಿದ್ದೀರಿ. ಆ ಚೀಲದಲ್ಲಿ ಇಲ್ಲದಿರುವುದು ವಕೀಲರ ಫೀಯ ಹಣವೊಂದೇ. ಆ ಹಣವನ್ನು ಯಾರು ಕೊಡಬೇಕೆಂಬ ಪ್ರಶ್ನೆಗೆ ಒಂದು ಚರಿತ್ರೆಯಿದೆ. ಅದರ ಮುಖ್ಯವಾದೊಂದು ಅಧ್ಯಾಯದಲ್ಲಿ ನಮ್ಮ ಈ ಮೂರು ಊರುಗಳಿಗೂ ಪಾಲಿದೆಯೆಂಬುದನ್ನು ಬಹಳ ಜನ ಅರಿಯರು.

ವಿಚಾರವೇನೋ ನಮ್ಮಲ್ಲಿ ಹಳೆಯದು. ಮೈಸೂರಿನ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚಿಗೆ ತಂದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಧರ್ಮಸ್ಥೀಯವೆಂಬ ಅಧಿಕರಣವೊಂದಿದೆ. ದೇವ, ಬ್ರಾಹ್ಮಣ, ತಪಸ್ವಿಗಳ ಜೊತೆಗೆ ಸ್ತ್ರೀಯರು, ಬಾಲಕರು, ಮುದುಕರು, ರೋಗಿಗಳು, ಅನಾಥರು ತಾವಾಗಿ ನ್ಯಾಯಸ್ಥಾನಕ್ಕೆ ಬರಲಾರದೆ ಹೋದರೆ ಅವರ ಕಾರ್ಯವನ್ನು ನ್ಯಾಯಾಧೀಶರೇ ಕೈಗೆತ್ತಿಕೊಳ್ಳಬೇಕೆಂದು ಅಲ್ಲಿ ವಿಧಿಸಿದೆ. ವಿಧಿಯಿತ್ತೆಂದ ಮಾತ್ರಕ್ಕೆ ಅದು ಎಲ್ಲೆಡೆ ನಡೆಯುತ್ತಿತ್ತೆಂದು ನಾನು ವಾದಿಸಲಾರೆ. ಶಾಸ್ತ್ರ ಬೇರೆ, ಊರು ಬೇರೆ.

ಬ್ಯಾಡಗಿ ತಾಲ್ಲೂಕಿನ ಕಾಗಿನೆಲೆಯ ಹೆಸರನ್ನು ನಾಡಿಗೆಲ್ಲ ಹಬ್ಬಿಸಿದ ಕನಕದಾಸರ ‘ರಾಮಧಾನ್ಯ ಚರಿತ್ರೆ’ಯೂ ಒಂದು ವ್ಯಾಜ್ಯದ ಕಥೆಯೇ ಅಲ್ಲವೆ? ನರೆದಲೆಗಕ್ಕೂ ನೆಲ್ಲಿಗೂ ಮೇಲ್ಮೆಯ ವಿಷಯದಲ್ಲಿ ಜಗಳ. ಬಡವರ ಧಾನ್ಯ ತನ್ನ ವಾದವನ್ನು ತಾನೇ ಮಂಡಿಸುತ್ತದೆ. ಶ್ರೀರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿರಿಸುತ್ತಾನೆ. ಅವಧಿ ತೀರಿದಾಗ ನೆಲ್ಲು ಕೆಟ್ಟಿರುತ್ತದೆ. ರಾಗಿ ಗಟ್ಟಿಯಾಗಿ ಉಳಿದಿರುತ್ತದೆ. ಹಿಂದೊಮ್ಮೆ ಈ ಕಥೆಯನ್ನು ಹೇಳುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ಕೇಳಿದ: “ಸರ, ತಪ್ಪು ಮಾಡದವರನ್ನ ಆರು ತಿಂಗಳು ಒಳಗ ಇಡಬಹುದೇನ್ರಿ?” ಆ ದಿನ ಗಂಟೆ ಬಾರಿಸಿದ್ದು ನನಗೆ ಅನುಕೂಲವೇ ಆಯಿತು. ಹುಡುಗನ ಪ್ರಶ್ನೆಗೆ ಮುಂದೆ ಬರುತ್ತೇನೆ.

ಬ್ರಿಟಿಷರ ಆಳಿಕೆಯಲ್ಲಿ ಕೋರ್ಟು, ಕಾಯಿದೆ, ಸ್ಟಾಂಪು, ವಕೀಲರು ಒಟ್ಟಿಗೆ ಬಂದರು. ಸ್ಟಾಂಪಿಗೂ ದುಡ್ಡಿಲ್ಲದವನ ಗತಿಯೇನು? ಅದಕ್ಕಾಗಿ 1859ರ ಸಿವಿಲ್ ಸಂಹಿತೆಯಲ್ಲಿಯೇ ‘ಪಾಪರ್ ದಾವೆ’ಗೆ ಎಡೆಯಿತ್ತು, 1908ರ ಸಂಹಿತೆಯ 33ನೆಯ ಆದೇಶವೂ ಅದನ್ನು ಮುಂದುವರಿಸಿತು. ಕೋರ್ಟ್ ಫೀ ಕಟ್ಟಲು ತನಗೆ ಶಕ್ತಿಯಿಲ್ಲವೆಂದು ಮೊದಲು ಸಿದ್ಧಪಡಿಸಬೇಕು. ಕೆಲವು ದಾವೆಗಳಲ್ಲಿ ಉಟ್ಟ ಬಟ್ಟೆ ಮತ್ತು ದಾವೆಯ ವಸ್ತುವನ್ನು ಬಿಟ್ಟು ನೂರು ರೂಪಾಯಿಯ ಆಸ್ತಿಯೂ ಇಲ್ಲವೆಂದು ತೋರಿಸಬೇಕಿತ್ತು. ಎದುರು ಪಕ್ಷದವನು ಎದ್ದು ನಿಂತು ‘ಇವನು ಅಷ್ಟು ಬಡವನಲ್ಲ’ ಎಂದು ವಾದಿಸಬಹುದಿತ್ತು. ನಾಲ್ಕು ಜನರೆದುರಿಗೆ ತನ್ನ ಬಡತನಕ್ಕೆ ಸಾಕ್ಷಿ ಹೇಳುವುದು ನಮ್ಮ ಕಡೆಯ ರೈತನಿಗೆ ಎಂಥ ನಾಚಿಕೆಯ ಮಾತೆಂಬುದನ್ನು ನಿಮಗೆ ಹೇಳಬೇಕಾಗಿಲ್ಲ. ಇಷ್ಟಾದರೂ ಸಿಕ್ಕುತ್ತಿದ್ದುದು ಫೀಯ ಮಾಫಿ ಮಾತ್ರ. ವಕೀಲನನ್ನು ಅವನೇ ಹುಡುಕಿಕೊಳ್ಳಬೇಕು. ದಾವೆ ಹೂಡಿದ ನಿರ್ಗತಿಕನಿಗೆ ಕೋರ್ಟೇ ವಕೀಲನನ್ನು ಗೊತ್ತುಮಾಡಬಹುದೆಂಬ ನಿಯಮ ಸೇರಿದ್ದು 1976ರ ತಿದ್ದುಪಡಿಯಲ್ಲಿ. ‘ಪಾಪರ್’ ಎಂಬ ಶಬ್ದವೂ ಆಗಲೇ ಕಳಚಿತು.

ನಡುವೆ ಒಂದು ಅಪೂರ್ವ ಕಾಯಿದೆ ಬಂದಿತ್ತು. 1875ರಲ್ಲಿ ಪುಣೆ, ಅಹಮದನಗರಗಳ ರೈತರು ಸಾವುಕಾರರ ಮನೆಗಳಿಗೆ ನುಗ್ಗಿ ಸಾಲಪತ್ರಗಳನ್ನು ಸುಟ್ಟರು. ಕೋರ್ಟಿನ ಡಿಕ್ರಿಯೇ ಸಾವುಕಾರನ ಆಯುಧವಾಗಿತ್ತು. ರೈತನ ಪರವಾಗಿ ನಿಲ್ಲುವವರಿರಲಿಲ್ಲ. ಆ ದಂಗೆಯ ಫಲವಾಗಿ 1879ರ ದಖ್ಖನಿನ ರೈತರ ಪರಿಹಾರ ಕಾಯಿದೆ ಹುಟ್ಟಿತು. ಎದುರಾಳಿಗೆ ವಕೀಲನಿದ್ದು ರೈತನಿಗೆ ವಕೀಲನನ್ನು ಗೊತ್ತುಮಾಡುವ ಶಕ್ತಿಯಿಲ್ಲದಿದ್ದರೆ, ಅವನ ಒಪ್ಪಿಗೆ ಪಡೆದು ಸರಕಾರಿ ವಕೀಲರನ್ನೇ ಅವನ ಪರವಾಗಿ ನಿಲ್ಲಿಸಲು ನ್ಯಾಯಾಧೀಶರಿಗೆ ಅದರಲ್ಲಿ ಅಧಿಕಾರ ಕೊಟ್ಟಿತ್ತು. ಆದರೆ ಕಾಯಿದೆ ಮೊದಲು ಜಾರಿಯಾದ ಪುಣೆ, ಸಾತಾರಾ, ಸೊಲ್ಲಾಪುರ, ಅಹಮದನಗರ ಎಂಬ ನಾಲ್ಕು ಜಿಲ್ಲೆಗಳಲ್ಲಿ ನಮ್ಮ ಧಾರವಾಡ ಇರಲಿಲ್ಲ.

ಈಗ ನಮ್ಮ ಪಾಲಿನ ಅಧ್ಯಾಯಕ್ಕೆ ಬರೋಣ. 1949ರಲ್ಲಿ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳು ಧಾರವಾಡ ಜಿಲ್ಲೆಯಲ್ಲಿದ್ದವು. ಧಾರವಾಡ ಜಿಲ್ಲೆ ಮುಂಬಯಿ ಪ್ರಾಂತದಲ್ಲಿತ್ತು. ಆ ವರ್ಷ ಮುಂಬಯಿ ಸರಕಾರವು ಹೈಕೋರ್ಟಿನ ನ್ಯಾಯಮೂರ್ತಿ ಎನ್. ಎಚ್. ಭಗವತಿಯವರ ಅಧ್ಯಕ್ಷತೆಯಲ್ಲಿ, ಬಡವರಿಗೆ ಕಾನೂನಿನ ನೆರವು ಕೊಡುವ ಬಗೆ ಹೇಗೆಂದು ವಿಚಾರಿಸಲು ಒಂದು ಸಮಿತಿಯನ್ನು ನೇಮಿಸಿತು. ಇಂಗ್ಲೆಂಡಿನ ಪಾರ್ಲಿಮೆಂಟು ಇದೇ ವಿಷಯದ ಕಾಯಿದೆಯನ್ನು ಮಾಡಿದ್ದೂ ಅದೇ 1949ರಲ್ಲಿ. ಅಂದರೆ ಈ ಯೋಚನೆಯಲ್ಲಿ ನಾವೇನೂ ಹಿಂದೆ ಬಿದ್ದಿರಲಿಲ್ಲ. ತಾಲ್ಲೂಕು, ಜಿಲ್ಲೆ, ಮುಂಬಯಿ ಮಹಾನಗರ, ಪ್ರಾಂತ ಹೀಗೆ ನಾಲ್ಕು ಹಂತಗಳಲ್ಲಿ ಸಮಿತಿಗಳಿರಬೇಕೆಂದು ಭಗವತಿಯವರ ಸಮಿತಿ ಸೂಚಿಸಿತು. ತಾಲ್ಲೂಕಿಗೊಂದು ಸಮಿತಿ! ಸೂಚನೆ ಜಾರಿಗೆ ಬಂದಿದ್ದರೆ ನಮ್ಮ ಅಜ್ಜಂದಿರು ರಾಣೆಬೆನ್ನೂರಿನಲ್ಲಿಯೇ ಅರ್ಜಿ ಕೊಟ್ಟು ವಕೀಲರನ್ನು ಪಡೆಯಬಹುದಾಗಿತ್ತು.

ಜಾರಿಗೆ ಬರಲಿಲ್ಲ. ಹಣವಿಲ್ಲವೆಂಬುದು ಅಡ್ಡವಾಯಿತು. 1950ರ ಸಂವಿಧಾನ ತನ್ನ 22ನೆಯ ಅನುಚ್ಛೇದದಲ್ಲಿ, ಬಂಧಿತನಾದವನಿಗೆ ತಾನು ಮೆಚ್ಚಿದ ವಕೀಲನಿಂದ ವಾದ ಮಾಡಿಸಿಕೊಳ್ಳುವ ಹಕ್ಕು ಕೊಟ್ಟಿತು, ಫೀಯ ಮಾತೆತ್ತಲಿಲ್ಲ. 1956ರ ನವೆಂಬರ್ 1ರಂದು ಧಾರವಾಡ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಮುಂಬಯಿಯ ವರದಿ ಮುಂಬಯಿಯಲ್ಲಿಯೇ ಉಳಿಯಿತು. 1958ರಲ್ಲಿ ಸೆಟಲ್ವಾಡರ ಅಧ್ಯಕ್ಷತೆಯ ಕಾನೂನು ಆಯೋಗ, ಇದು ಕೇವಲ ಕಾರ್ಯವಿಧಾನದ ಚಿಕ್ಕ ಸಂಗತಿಯಲ್ಲ, ಮೂಲಭೂತವಾದ ಪ್ರಶ್ನೆಯೆಂದು ಎಚ್ಚರಿಸಿತು. ಆಮೇಲೆಯೂ ವರ್ಷಗಳು ಉರುಳಿದವು. 1976ರ 42ನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ 39-ಎ ಅನುಚ್ಛೇದ ಸೇರಿ, ಉಚಿತ ಕಾನೂನು ನೆರವು ರಾಜ್ಯದ ಕರ್ತವ್ಯವೆನಿಸಿತು. ಅದರ ಸ್ಥಾನವಾದರೋ ನಿರ್ದೇಶಕ ತತ್ತ್ವಗಳಲ್ಲಿ. ಅದೊಂದನ್ನೇ ಹಿಡಿದು ಕೋರ್ಟಿಗೆ ಹೋಗುವಂತಿರಲಿಲ್ಲ.

ಇಷ್ಟು ತಡವಾದರೆ ಏನಾಗುತ್ತದೆಂಬುದನ್ನು ನಾನು ಹುಡುಗನಾಗಿದ್ದಾಗಲೇ ಕಂಡಿದ್ದೇನೆ. 1982ರ ಸುಮಾರು. ಬ್ಯಾಡಗಿಯಲ್ಲಿ ನಮ್ಮ ಓಣಿಯ ಅವ್ವನೊಬ್ಬಳು ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೂಲಿಗೆ ಹೋಗುತ್ತಿದ್ದಳು. ಬಿಟ್ಟುಹೋದ ಗಂಡನ ಮೇಲೆ ಜೀವನಾಂಶಕ್ಕಾಗಿ ಅರ್ಜಿ ಹಾಕಿದಳು. ಮೊದಲ ಫೀಗೆ ಕಿವಿಯ ಬೆಂಡೋಲೆ ಹೋಯಿತು. ಎರಡು ತಾರೀಖುಗಳಿಗೆ ಹೋಗಿಬಂದಳು. ಮೂರನೆಯದಕ್ಕೆ ಕೊಡಲು ಏನೂ ಉಳಿದಿರಲಿಲ್ಲ. ಬರಿಗೈಯಲ್ಲಿ ವಕೀಲರ ಮುಂದೆ ನಿಲ್ಲಲು ನಾಚಿ ಅವಳು ಹೋಗಲೇ ಇಲ್ಲ. ಗೈರುಹಾಜರಿಯೆಂದು ಅರ್ಜಿ ವಜಾ ಆಯಿತು. ಅದೂ ಅವಳಿಗೆ ತಿಳಿದದ್ದು ಎಷ್ಟೋ ದಿನಗಳ ಮೇಲೆ. ಬರಿಯ ಕಿವಿಯಲ್ಲಿಯೇ ಅವಳು ಕೊನೆಯವರೆಗೂ ಇದ್ದಳು.

ಇನ್ನು ನನ್ನ ವಿದ್ಯಾರ್ಥಿಯ ಪ್ರಶ್ನೆ. 1979ರಲ್ಲಿ ಬಿಹಾರದ ಸೆರೆಮನೆಗಳ ಸಂಗತಿಯನ್ನು ಪತ್ರಿಕೆಯೊಂದು ಬೆಳಕಿಗೆ ತಂದಿತು. ತಮ್ಮ ಮೇಲಿನ ಅಪರಾಧ ಸಿದ್ಧವಾದರೂ ಆಗಬಹುದಾದ ಶಿಕ್ಷೆಗಿಂತ ಹೆಚ್ಚು ಕಾಲ, ವಿಚಾರಣೆಯೇ ಆರಂಭವಾಗದೆ ಒಳಗೆ ಕೊಳೆಯುತ್ತಿದ್ದವರು ಅಲ್ಲಿದ್ದರು. ಕನಕದಾಸರ ಧಾನ್ಯಗಳಿಗಾದರೂ ಆರು ತಿಂಗಳೆಂಬ ಅವಧಿಯಿತ್ತು. ವಕೀಲೆ ಪುಷ್ಪಾ ಕಪಿಲಾ ಹಿಂಗೋರಾನಿಯವರು ಸುಪ್ರೀಂ ಕೋರ್ಟಿಗೆ ಹೋದರು. ಹುಸೇನಾರಾ ಖಾತೂನ್ ಪ್ರಕರಣವೆಂದು ಹೆಸರಾದ ಆ ವ್ಯಾಜ್ಯದಲ್ಲಿ, ವಕೀಲನನ್ನು ಹಿಡಿಯಲಾರದ ಬಡ ಆರೋಪಿಗೆ ಸರಕಾರದ ವೆಚ್ಚದಲ್ಲಿ ವಕೀಲನನ್ನು ಕೊಡುವುದು ಜೀವಿಸುವ ಹಕ್ಕಿನ ಭಾಗವೆಂದು ತೀರ್ಪಾಯಿತು. ತೀರ್ಪನ್ನು ಬರೆದವರು ನ್ಯಾಯಮೂರ್ತಿ ಪಿ. ಎನ್. ಭಗವತಿ: 1949ರ ಸಮಿತಿಯ ಅಧ್ಯಕ್ಷರ ಮಗ. ತಂದೆ ಶಿಫಾರಸು ಮಾಡಿದ್ದನ್ನು ಮಗ ಹಕ್ಕೆಂದು ಬರೆಯಲು ಮೂವತ್ತು ವರ್ಷ ಹಿಡಿಯಿತು.

ಮುಂದಿನದನ್ನು ಬೇಗ ಹೇಳಬಹುದು. 1987ರಲ್ಲಿ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆ ಆಯಿತು. 1994ರ ತಿದ್ದುಪಡಿಯಲ್ಲಿ ತಾಲ್ಲೂಕು ಸಮಿತಿಗಳು ಸೇರಿದವು. 1995ರ ನವೆಂಬರ್ 9ರಂದು ಕಾಯಿದೆ ಜಾರಿಗೆ ಬಂದಿತು. 1997ರಲ್ಲಿ ಹಾವೇರಿ ತಾನೇ ಜಿಲ್ಲೆಯಾಯಿತು. ಈ ಕಾಯಿದೆಯ 12ನೆಯ ಕಲಮನ್ನು ಮನೆಯಲ್ಲಿ ಎಲ್ಲರೂ ತಿಳಿದಿರುವುದು ಒಳ್ಳೆಯದು. ಸ್ತ್ರೀಯರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡಗಳವರು, ಅಂಗವಿಕಲರು, ಕಾರ್ಖಾನೆಯ ಕೆಲಸಗಾರರು, ಬಂಧನದಲ್ಲಿರುವವರು ಇವರಾರಿಗೂ ಆದಾಯದ ಮಿತಿಯಿಲ್ಲ. 2024ರ ಮಾರ್ಚ್ 11ರಂದು ಮೆಣಸಿನಕಾಯಿಯ ಧಾರಣೆ ಬಿದ್ದು ಬ್ಯಾಡಗಿಯ ಮಾರುಕಟ್ಟೆಯಲ್ಲಿ ವಾಹನಗಳಿಗೆ ಬೆಂಕಿ ಬಿದ್ದದ್ದನ್ನು, ಹಲವರ ಬಂಧನವಾದದ್ದನ್ನು ನೀವು ಕೇಳಿರುವಿರಿ. ಬೆಂಕಿ ಹಚ್ಚಿದ್ದನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಹಾಗೆ ಹಿಡಿಯಲ್ಪಟ್ಟವನು ಹತ್ತು ಎಕರೆಯವನಾಗಲಿ ಕೂಲಿಯವನಾಗಲಿ, ಅವನಿಗೂ ಈ ಕಲಮು ಅನ್ವಯಿಸುತ್ತದೆ.

ಹಕ್ಕು ಬಂದಿತು, ನಂಬಿಕೆ ಅಷ್ಟು ಬೇಗ ಬರಲಿಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಯಲ್ಲಿ ಬಿಸಿಯೂಟ ಮಾಡುವ ತಾಯಿಯೊಬ್ಬರು ತಂದೆಯ ಹೊಲದಲ್ಲಿ ತಮ್ಮ ಪಾಲಿಗಾಗಿ ಅರ್ಜಿ ಬರೆದುಕೊಡಿರೆಂದು ನನ್ನಲ್ಲಿಗೆ ಬಂದರು. ಕನ್ನಡ ಮಾಸ್ತರನಾದವನಿಗೆ ಊರವರ ಅರ್ಜಿ ಬರೆಯುವುದು ತಪ್ಪಿದ್ದಲ್ಲ. ತಾಲ್ಲೂಕು ಸಮಿತಿಯ ವಿಷಯ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, “ಮಾಸ್ತರ್ರ, ಪುಕ್ಕಟೆ ವಕೀಲ್ರು ಖರೇನ ನಮ್ಮ ಪರ ಮಾತಾಡ್ತಾರೇನ್ರಿ?” ಎಂದರು. ಯಾರದೋ ಮಾತು ಕೇಳಿ ಆದಾಯದ ಸರ್ಟಿಫಿಕೇಟಿಗಾಗಿ ಎರಡು ಸಲ ನಾಡಕಚೇರಿಗೂ ಅಲೆದಿದ್ದರು. ಹೆಂಗಸರಿಗೆ ಅದರ ಅಗತ್ಯವೇ ಇಲ್ಲವೆಂದು ರಾಣೆಬೆನ್ನೂರಿನ ಕೋರ್ಟಿನಲ್ಲಿ ಹೇಳಿದಾಗ ಅವರಿಗೆ ಸಿಟ್ಟೇ ಬಂದಿತು. ಸಮಿತಿಯಿಂದ ವಕೀಲರೊಬ್ಬರು ಗೊತ್ತಾದರು. ಅವರು ಚೀಲದ ಕಾಗದಗಳನ್ನೆಲ್ಲ ಒಂದೊಂದಾಗಿ ಬಿಡಿಸಿ ಓದಿದರು. ಆ ತಾಯಿಯನ್ನು ಕುರ್ಚಿಯ ಮೇಲೆ ಕೂಡಿಸಿಯೇ ಓದಿದರು.

ಮುಂದಿನ ತಾರೀಖಿಗೆ ಹೋಗುವಾಗ ಆ ತಾಯಿ ಒಂದು ಕಿಲೋ ಬ್ಯಾಡಗಿ ಮೆಣಸಿನಕಾಯಿಯನ್ನು ಕಟ್ಟಿಕೊಂಡು ಹೋಗಿದ್ದರಂತೆ. ವಕೀಲರು ತೆಗೆದುಕೊಳ್ಳಲಿಲ್ಲ. ಹಿಂದಿರುಗಿ ಬಂದ ಆ ಗಂಟನ್ನು ಅಡುಗೆಮನೆಯ ಗೂಟಕ್ಕೆ ನೇತುಹಾಕಿ, “ಒಯ್ದದ್ದನ್ನ ಹೊಳ್ಳಿ ಕೊಟ್ರು ನೋಡ್ರಿ” ಎಂದು ಶಾಲೆಯಲ್ಲಿ ಬಂದವರಿಗೆಲ್ಲ ಹೇಳುತ್ತಿದ್ದರು.