ಕುಲುಮೆ ಸುತ್ತಿಗೆಗಳಿಗೆ ಸೂಕ್ತ ಉಕ್ಕಿನ ಆಯ್ಕೆ

ಪೀಠಿಕೆ

ಕಮ್ಮಾರಿಕೆಯಲ್ಲಿ ಬಳಸುವ ಸುತ್ತಿಗೆಯು ದಿನವೊಂದಕ್ಕೆ ಸಾವಿರಾರು ಪೆಟ್ಟುಗಳನ್ನು ತಾಳಬೇಕಾಗುತ್ತದೆ. ಸುತ್ತಿಗೆಯ ಮುಖವು ಮೃದುವಾಗಿದ್ದಲ್ಲಿ ಅದರ ಅಂಚು ಅಣಬೆಯಂತೆ ಹರಡಿಕೊಳ್ಳುತ್ತದೆ. ಅತಿ ಗಡಸಾಗಿದ್ದಲ್ಲಿ ಚಕ್ಕೆ ಸಿಡಿದು ಕೆಲಸಗಾರರ ಕಣ್ಣಿಗೆ ಶಾಶ್ವತ ಹಾನಿಯಾಗುವ ಸಂಭವವಿದೆ. ಆದ್ದರಿಂದ ಗಡಸುತನ ಮತ್ತು ತಾಳಿಕೆ ಎರಡನ್ನೂ ಹೊಂದಿರುವ ಉಕ್ಕನ್ನು ಆರಿಸುವುದು ಅತ್ಯಗತ್ಯ.

ಇಂಗಾಲದ ಪ್ರಮಾಣ

ಉಕ್ಕು ಎಷ್ಟು ಗಡಸಾಗಬಲ್ಲದು ಎಂಬುದು ಮುಖ್ಯವಾಗಿ ಅದರಲ್ಲಿರುವ ಇಂಗಾಲವನ್ನು ಅವಲಂಬಿಸಿದೆ. ಕಿಟಕಿ ಸರಳು, ಆಂಗಲ್ ಮುಂತಾದವುಗಳ ಮೃದು ಉಕ್ಕಿನಲ್ಲಿ ಇಂಗಾಲ ಸಾಮಾನ್ಯವಾಗಿ ಶೇ. 0.25ಕ್ಕಿಂತ ಕಡಿಮೆ ಇರುವುದರಿಂದ ಅದು ಹದಕ್ಕೆ ಬರುವುದಿಲ್ಲ. ಅರ ಹಾಗೂ ಬೇರಿಂಗುಗಳ ಉಕ್ಕಿನಲ್ಲಿ ಇಂಗಾಲ ಶೇ. 1ರ ಆಸುಪಾಸು ಅಥವಾ ಅದಕ್ಕೂ ಹೆಚ್ಚು ಇದ್ದು, ಪೆಟ್ಟಿಗೆ ಸೀಳುವ ಅಪಾಯವಿದೆ. ಸುತ್ತಿಗೆಗೆ ಶೇ. 0.40ರಿಂದ 0.60ರವರೆಗಿನ ಇಂಗಾಲ ಸೂಕ್ತ.

ದೊರೆಯುವ ದರ್ಜೆಗಳು

1. ಇಎನ್ 8: ಇಂಗಾಲ ಸುಮಾರು ಶೇ. 0.40. ಬಡಿಯಲು ಸುಲಭ, ಹೊಸದಾಗಿ ಕಲಿಯುವವರಿಗೆ ಅನುಕೂಲಕರ.
2. ಇಎನ್ 9: ಇಂಗಾಲ ಶೇ. 0.50ರಿಂದ 0.60. ಮುಖವು ಹೆಚ್ಚು ಕಾಲ ಬಾಳುತ್ತದೆ. ತಣ್ಣೀರಿನಲ್ಲಿ ಅದ್ದಿದರೆ ಬಿರುಕು ಬಿಡಬಹುದಾದ ಕಾರಣ ಎಣ್ಣೆಯಲ್ಲಿ ತಣಿಸುವುದು ಕ್ಷೇಮ.
3. ಇಎನ್ 19: ಕ್ರೋಮಿಯಂ ಮತ್ತು ಮಾಲಿಬ್ಡಿನಂ ಬೆರೆತ ಉಕ್ಕು. ಗಡಸುತನ ಆಳದವರೆಗೆ ಇಳಿಯುವುದರಿಂದ ದೊಡ್ಡ ಚಮ್ಮಟಿಗೆಗಳಿಗೆ ಒಪ್ಪುತ್ತದೆ. ಎಣ್ಣೆಯಲ್ಲಿ ತಣಿಸಬೇಕು.
4. ಇಎನ್ 45: ಲಾರಿಯ ಪಟ್ಟೆ ಸ್ಪ್ರಿಂಗಿನ ಉಕ್ಕು. ಗುಣದಲ್ಲಿ ಉತ್ತಮವಾದರೂ ಪಟ್ಟಿ ತೆಳುವಾಗಿರುವುದರಿಂದ ಸುತ್ತಿಗೆಯ ತಲೆಗೆ ಬೇಕಾದ ದಪ್ಪ ದೊರೆಯದು.

40 ಮಿ.ಮೀ. ಚೌಕ ಸರಳಿನ 85 ಮಿ.ಮೀ. ಉದ್ದದ ತುಂಡು ಸುಮಾರು 1 ಕಿ.ಗ್ರಾಂ. ತೂಕದ ಸುತ್ತಿಗೆಗೆ ಸಾಕಾಗುತ್ತದೆ.

ಗುಜರಿ ಉಕ್ಕಿನ ಪರೀಕ್ಷೆ

ಹಳೆಯ ಆಕ್ಸಲ್ ಮುಂತಾದ ಗುಜರಿ ವಸ್ತುಗಳ ದರ್ಜೆ ತಿಳಿದಿರುವುದಿಲ್ಲ. ಅಂಥವನ್ನು ಪರೀಕ್ಷಿಸದೆ ಬಳಸಬಾರದು.

* ಸಾಣೆಚಕ್ರಕ್ಕೆ ಹಿಡಿದಾಗ ಮೃದು ಉಕ್ಕಿನ ಕಿಡಿಗಳು ಉದ್ದವಾಗಿ, ಹೆಚ್ಚು ಕವಲಿಲ್ಲದೆ ಹಾರುತ್ತವೆ. ಇಂಗಾಲ ಹೆಚ್ಚಿದಂತೆ ಕಿಡಿಗಳು ನಕ್ಷತ್ರದಂತೆ ಒಡೆಯುತ್ತವೆ.
* ಸಣ್ಣ ತುಂಡೊಂದನ್ನು ಕೆಂಪಗೆ ಕಾಯಿಸಿ ನೀರಿನಲ್ಲಿ ಅದ್ದಿದ ನಂತರ ಅರವು ಅದರ ಮೇಲೆ ಜಾರಿದರೆ ಆ ಉಕ್ಕು ಗಡಸಾಗುವ ಗುಣ ಹೊಂದಿದೆ ಎಂದು ತಿಳಿಯಬಹುದು.
* ದೀರ್ಘ ಬಳಕೆಯಿಂದ ಸವೆದ ಆಕ್ಸಲ್‌ಗಳಲ್ಲಿ ಸೂಕ್ಷ್ಮ ಬಿರುಕುಗಳಿರಬಹುದು. ಬಿರುಕು ಕಂಡ ಭಾಗವನ್ನು ತ್ಯಜಿಸತಕ್ಕದ್ದು.

ಹದ ಕೊಡುವ ವಿಧಾನ

ಉತ್ತಮ ಉಕ್ಕು ಸಹ ಹದ ತಪ್ಪಿದರೆ ನಿರುಪಯುಕ್ತವಾಗುತ್ತದೆ. ಇಎನ್ 8 ಹಾಗೂ ಇಎನ್ 9 ಉಕ್ಕನ್ನು ಆಯಸ್ಕಾಂತಕ್ಕೆ ಅಂಟದ ಸ್ಥಿತಿಯನ್ನು ಸ್ವಲ್ಪ ಮೀರುವಂತೆ, ಅಂದರೆ ಸುಮಾರು 830 ಡಿಗ್ರಿ ಸೆಲ್ಸಿಯಸ್‌ವರೆಗೆ, ಕಾಯಿಸಿ ಮುಖದ ಭಾಗವನ್ನು ಮಾತ್ರ ತಣಿಸಬೇಕು. ಹಿಡಿ ಕೂರುವ ಕಣ್ಣಿನ ಗೋಡೆಗಳು ತೆಳುವಾಗಿರುವುದರಿಂದ ಆ ಭಾಗವನ್ನು ಗಡಸುಗೊಳಿಸಬಾರದು. ಬಳಿಕ ಮುಖವನ್ನು ಉಜ್ಜಿ ಹೊಳಪು ಬರಿಸಿ, ಕಾದ ಸರಳನ್ನು ಕಣ್ಣಿನೊಳಗೆ ಇರಿಸಬೇಕು. ಶಾಖವು ಹರಿದು ಮುಖದಲ್ಲಿ ಒಣಹುಲ್ಲಿನ ಬಣ್ಣ ಮೂಡಿ, ಕಂದು ಬಣ್ಣಕ್ಕೆ ತಿರುಗಿದಾಗ, ಅಂದರೆ ಸುಮಾರು 260 ಡಿಗ್ರಿಯಲ್ಲಿ, ಸರಳನ್ನು ತೆಗೆದು ತಲೆಯನ್ನು ತಣಿಸಬೇಕು.

ಮುನ್ನೆಚ್ಚರಿಕೆಗಳು

* ಹದ ಕೊಟ್ಟ ಎರಡು ಸುತ್ತಿಗೆಗಳ ಮುಖಗಳನ್ನು ಪರಸ್ಪರ ಬಡಿಯಬಾರದು.
* ಸತುವಿನ ಲೇಪನವಿರುವ ವಸ್ತುಗಳನ್ನು ಕುಲುಮೆಗೆ ಹಾಕಬಾರದು. ಅವುಗಳ ಹೊಗೆ ಹಾನಿಕರ.
* ಸುತ್ತಿಗೆಯ ಅಂಚು ಹರಡಿದ್ದಲ್ಲಿ ಕೂಡಲೇ ಸಾಣೆ ಹಿಡಿದು ಸರಿಪಡಿಸಬೇಕು.
* ಬಡಿಯುವಾಗ ಹಾಗೂ ಸಾಣೆ ಹಿಡಿಯುವಾಗ ರಕ್ಷಣಾ ಕನ್ನಡಕವನ್ನು ತಪ್ಪದೇ ಧರಿಸಬೇಕು.